ಕೋಡಿಯತ್ತ ಸರಿದ ಯುದ್ಧನೌಕೆ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಚನ್ನಪಟ್ಟಣ ತಾಲ್ಲೂಕಿನಲ್ಲಿ ಕೆರೆಗಳ ಉಸ್ತುವಾರಿ ನೋಡುವ ಅಸಿಸ್ಟೆಂಟ್ ಎಂಜಿನಿಯರ್ ಆಗಿದ್ದೆ. ಅಕ್ಕೂರು ಕಡೆಯ ಒಂದು ಕೆರೆಯಲ್ಲಿ ಸಾಕ್ಷ್ಯಚಿತ್ರಕ್ಕಾಗಿ ಹಾಯಿ ಯುದ್ಧನೌಕೆ ತೇಲಿಸಲು ಅನುಮತಿ ಕೋರಿ ಅರ್ಜಿ ಬಂತು.

ನಿರ್ದೇಶಕ ಪ್ರಕಾಶ್ ಕಥೆ ಹೇಳಿದರು. ಇನ್ನೂರು ವರ್ಷಗಳ ಹಿಂದೆ ಅಮೆರಿಕನ್ನರಿಗೂ ಬ್ರಿಟಿಷರಿಗೂ ಒಳನಾಡಿನ ಸರೋವರಗಳಲ್ಲಿ ಯುದ್ಧ ನಡೆದಿತ್ತು. ಒಂದು ಅಮೆರಿಕನ್ ಹಡಗು ಶತ್ರುವಿನ ದೋಣಿಗಳನ್ನು ಅಟ್ಟಿಸಿಕೊಂಡು, ಬೆನ್ನಿಗೆ ಗಾಳಿ ಇದೆಯೆಂಬ ಧೈರ್ಯದಲ್ಲಿ ಸರೋವರದ ಇಕ್ಕಟ್ಟಾದ ತುದಿಗೆ ನುಗ್ಗಿತು. ಎದುರುಗಾಳಿಯಲ್ಲಿ ಹಿಂದಿರುಗಲಾಗದೆ ಸೆರೆಯಾಯಿತು. ಬ್ರಿಟಿಷರು ಹೆಸರು ಬದಲಿಸಿ ಅದನ್ನೇ ಅಮೆರಿಕನ್ನರ ಮೇಲೆ ಬಿಟ್ಟರು. ಮರುವರ್ಷ ಅಮೆರಿಕನ್ನರು ಅದನ್ನು ಮತ್ತೆ ಗೆದ್ದುಕೊಂಡರು.

ಚನ್ನಪಟ್ಟಣದ ಬಡಗಿಗಳು ಅದರ ಮಾದರಿಯಲ್ಲಿ ಮೂವತ್ತಡಿಯ ಹಡಗು ಕಟ್ಟಿದರು. ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಅದರಾಚೆ ಬರೀ ಬಂಡೆಗಳ ಇಳಿಜಾರು. ಕೋಡಿ ನಿಲ್ಲುವವರೆಗೆ ಹಾಯಿ ಬಿಚ್ಚಕೂಡದೆಂದು ಷರತ್ತು ಬರೆದೆ.

ಚಿತ್ರೀಕರಣದ ಎರಡನೆಯ ಬೆಳಿಗ್ಗೆ ಪ್ರಕಾಶ್, "ಸಾರ್, ಬೆಳಕು ಚೆನ್ನಾಗಿದೆ. ಐದೇ ನಿಮಿಷ ಹಾಯಿ ಬಿಚ್ಚೋಣ. ಹಡಗನ್ನ ದಡಕ್ಕೆ ಕಟ್ಟಿರ್ತೀವಿ," ಎಂದರು. ಕೋಡಿ ಇನ್ನೂ ಹರಿಯುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಹೂಂ ಎಂದುಬಿಟ್ಟೆ.

ಹಾಯಿ ಏರಿದ ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ದಡದ ಗೂಟ ಕಿತ್ತು ಬಂತು. ನಾವಿಕರ ವೇಷದಲ್ಲಿದ್ದ ನಾಲ್ವರು ಬಡಗಿಗಳ ಸಮೇತ ಹಡಗು ಕೋಡಿಯತ್ತ ಸರಿಯಿತು. ವೇಷ ಕೆಡುತ್ತದೆಂದು ಲೈಫ್ ಜಾಕೆಟ್ ಬಿಚ್ಚಿಟ್ಟಿದ್ದರು. ಇಬ್ಬರಿಗೆ ಈಜು ಬಾರದು.

"ಹಾಯಿ ಇಳಿಸಿ," ಎಂದು ಕೂಗುತ್ತಾ ಏರಿಯ ಮೇಲೆ ಓಡಿದೆ.

"ಗಂಟು ಬಿಗ್ದೋಗೈತೆ ಸಾರ್," ಎಂದ ಹಡಗಿನ ಮೇಲಿದ್ದ ಬಡಗಿ ಮೇಸ್ತ್ರಿ ಶಿವಲಿಂಗಯ್ಯ.

ಅಲ್ಲೇ ಮೀನು ಹಿಡಿಯುವ ಚಿಕ್ಕಣ್ಣ ಹಗ್ಗದ ಒಂದು ತುದಿ ನಮ್ಮ ಕೈಗಿತ್ತು, ಇನ್ನೊಂದನ್ನು ತೆಪ್ಪಕ್ಕೆ ಹಾಕಿಕೊಂಡು ಆಗಲೇ ಹುಟ್ಟು ಹಾಕುತ್ತಿದ್ದ. "ಗಂಟು ಬುಡ್ಲಾ ಶಿವ್ಲಿಂಗ, ಹಗ್ಗ ಕುಯ್ದಾಕು," ಎಂದು ಅರಚಿದ.

ಶಿವಲಿಂಗಯ್ಯ ಉಳಿಯಿಂದ ಕೊಯ್ದ. ಹಾಯಿ ಕುಸಿಯಿತು. ಹಡಗು ಮಾತ್ರ ನಿಲ್ಲಲಿಲ್ಲ. ಈಗ ಕೋಡಿಯ ಸೆಳೆತವೇ ಎಳೆಯುತ್ತಿತ್ತು. ಚಿಕ್ಕಣ್ಣ ಹಡಗಿಗೆ ಹಗ್ಗ ಮುಟ್ಟಿಸಿದ, ಬಡಗಿಗಳು ಅದನ್ನು ಬಿಗಿದು ಕಟ್ಟಿದರು. ನಮ್ಮ ತುದಿಯನ್ನು ಜಾಲಿಮರಕ್ಕೆ ಎರಡು ಸುತ್ತು ಸುತ್ತಿ, ಅಂಗೈ ಸುಲಿಯುವಂತೆ ಹಿಡಿದೆವು. ಕೋಡಿಗೆ ಇಪ್ಪತ್ತಡಿ ಇರುವಾಗ ಹಡಗು ನಿಂತಿತು.

ದಡಕ್ಕೆ ಬಂದ ಶಿವಲಿಂಗಯ್ಯ ಉಳಿ ಹಿಡಿದ ಕೈ ಬಿಚ್ಚಲಾಗದೆ ಕೂತ. ಪ್ರಕಾಶ್, "ನನ್ನದೇ ತಪ್ಪು," ಎಂದರು. ಚಿಕ್ಕಣ್ಣ ನನ್ನತ್ತ ತಿರುಗಿದ.

"ಅವ್ರು ಕೇಳ್ತಾರೆ, ಕೇಳ್ಲಿ. ಬ್ಯಾಡ ಅನ್ನಾಕೆ ತಾನೆ ಸಾಮಿ ನಿಮ್ಮುನ್ನ ಇಲ್ಲಿ ನಿಲ್ಸಿರಾದು?"

ಷರತ್ತು ಸಡಿಲಿಸಿದವನು ನಾನೇ ಎಂದು ಅಂದೇ ವರದಿ ಬರೆದೆ. ನೋಟಿಸ್ ಬಂತು, ಒಪ್ಪಿಕೊಂಡೆ. ಕಾಗದದಲ್ಲಿ ಬರೆದದ್ದನ್ನು ದಡದಲ್ಲಿ ನಿಂತು ಬಾಯಿಮಾತಿನಲ್ಲಿ ಅಳಿಸಬಾರದೆಂದು ನನ್ನ ಕೆಲಸ ಕಲಿಸಿದ್ದು ಅವತ್ತು. ಉಳಿದ ಎರಡು ವರ್ಷ ಯಾರು ಎಷ್ಟು ಕೇಳಿಕೊಂಡರೂ ಅಳಿಸಲಿಲ್ಲ, ಗಾಳಿ ಇಲ್ಲದ ದಿನ ಕೂಡ.