ಕಾಳಸರ್ಪದ ಭಾವ

ಹೆತ್ತವರು ಇಟ್ಟ ಹೆಸರು ಏನಿತ್ತೋ ಏನೋ, ಊರಿಗೆಲ್ಲ ಅವನು ಮೈಕಪ್ಪ. ಮೊದಲು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಮೈಕಿನಲ್ಲಿ ಕೂಗುತ್ತಿದ್ದ. ಅದನ್ನೂ ಎಂಥ ಗತ್ತಿನಲ್ಲಿ ಅಂತೀರಿ! "ಮೂರನೇ ಪ್ಲಾಟ್‌ಫಾರಮ್ಮಿನಲ್ಲಿ ಬಂದು ನಿಂತಿದೆ..." ಅಂದರೆ ಸಾಕು, ಬೇರೆ ಕಡೆ ಹೋಗಬೇಕಾದವರೂ ಎದ್ದು ಅದನ್ನೇ ಹತ್ತಿಬಿಡುತ್ತಿದ್ದರು. ಹಾಗೆ ಮೈಮರೆತು ಹತ್ತಿದವರಲ್ಲಿ ಕುಸ್ತಿ ಕಂಪನಿಯ ಮಾಲೀಕನೂ ಒಬ್ಬ. ಅವನು ಮುಂದಿನ ನಿಲ್ದಾಣದಲ್ಲಿ ಇಳಿದು, ಬೈಕೊಂಡು ವಾಪಸ್ ನಡೆದು ಬಂದು, ಅಲ್ಲೇ ಮೈಕಪ್ಪನಿಗೆ ತನ್ನ ಆಟಗಳಲ್ಲಿ ಮೈಕು ಹಿಡಿಯುವ ಕೆಲಸ ಕೊಟ್ಟ.

ಕಂಪನಿಯದು ಪ್ರದರ್ಶನದ ಕುಸ್ತಿ. ಭಾನುವಾರ ಮಧ್ಯಾಹ್ನ, ಹಳೇ ಗೋದಾಮಿನೊಳಗೆ, ತಗಡಿನ ಸೂರಿನ ಕೆಳಗೆ. ಗೆಲ್ಲುವವರು ಯಾರು ಅಂತ ಡ್ರೆಸ್ಸಿಂಗ್ ರೂಮಿನಲ್ಲೇ ತೀರ್ಮಾನ ಆಗಿರುತ್ತಿತ್ತು. ಜನಕ್ಕೆ ಅರ್ಧ ಗೊತ್ತಿತ್ತು, ಇನ್ನರ್ಧ ಗೊತ್ತಾಗುವುದು ಬೇಡವಾಗಿತ್ತು. ಅದಕ್ಕೇ ಮಾಲೀಕನದು ಒಂದೇ ಕಟ್ಟಪ್ಪಣೆ: ಆಟದಲ್ಲಿ ಒಳ್ಳೆಯವರಾಗುವವರು, ಕೆಟ್ಟವರಾಗುವವರು ಹೊರಗೆ ಒಟ್ಟಿಗೆ ಕಾಣಿಸಕೂಡದು. ಬಸ್ಸು ಬೇರೆ, ಚಹಾದಂಗಡಿ ಬೇರೆ. ಗುಟ್ಟು ಬಿಟ್ಟುಕೊಟ್ಟವನು ಅಂದೇ ಮನೆಗೆ. ಮೈಕಪ್ಪ ಒಳ್ಳೆಯವರ ಪಕ್ಷ.

ಕೆಟ್ಟವರಲ್ಲಿ ಕೆಟ್ಟವನು ಕಾಳಸರ್ಪ. ನೂರಹದಿನೈದು ಕಿಲೋ, ಬೋಳು ತಲೆ, ಹಣೆಗೆ ಕಪ್ಪು ಬಣ್ಣ. "ಬರುತ್ತಿದ್ದಾನೆ ನೋಡಿ, ಕರುಣೆ ಇಲ್ಲದ ಕಟುಕ, ಕಂಡವರ ಅನ್ನಕ್ಕೆ ಮಣ್ಣು ಹಾಕುವ ಪಾಪಿ!" ಎಂದು ಮೈಕಪ್ಪ ಇಪ್ಪತ್ತು ವರ್ಷ ಅವನಿಗೆ ಉಗಿದು ಉಪ್ಪಿನಕಾಯಿ ಹಾಕಿದ್ದ. ಆ ಪಾಪಿ ಅವನ ಹೆಂಡತಿಯ ಒಡಹುಟ್ಟಿದ ತಮ್ಮ. ಮನೆಯಲ್ಲಿ ಕರೆಯುವ ಹೆಸರು ಮುದ್ದು.

ಪ್ರತಿ ಭಾನುವಾರ ಆಟ ಮುಗಿದ ಮೇಲೆ ಮೈಕಪ್ಪ ದೊಡ್ಡ ರಸ್ತೆಯಲ್ಲಿ ಮನೆಗೆ ಬರುತ್ತಿದ್ದ. ಮುದ್ದು ಟೋಪಿ ಎಳೆದುಕೊಂಡು ಹಿಂದಿನ ಗಲ್ಲಿಯಿಂದ ಬಂದು ಹಿತ್ತಿಲ ಬಾಗಿಲು ತಟ್ಟುತ್ತಿದ್ದ. ಪರದೆ ಎಳೆದು ಮೂವರೂ ಊಟಕ್ಕೆ ಕೂರುತ್ತಿದ್ದರು.

"ಭಾವ, ಇವತ್ತು ಬೈಗುಳ ಸಾಲ್ಲಿಲ್ಲ. ಹೋದ ವಾರ ಎಷ್ಟು ಚೆನ್ನಾಗಿ ಬೈದಿದ್ರಿ!"

"ನನ್ನ ತಮ್ಮನ್ನ ಬೈದು ಸಂಬಳ ತರೋ ಗಂಡ ನನಗೊಬ್ಬಳಿಗೇ ಸಿಕ್ಕಿರೋದು," ಎನ್ನುತ್ತಾ ಅವಳು ಇಬ್ಬರಿಗೂ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಆ ವರ್ಷದ ಕಡೆಯ ಆಟ. ಗೋದಾಮು ತುಂಬಿ ತುಳುಕುತ್ತಿತ್ತು. ಮೊದಲ ಸಾಲಿನಲ್ಲಿ ಎಂದಿನಂತೆ ಕೊಡೆ ಅಜ್ಜಿ. ಕಾಳಸರ್ಪ ಹಾದುಹೋಗುವಾಗ ಕೊಡೆಯ ತುದಿಯಿಂದ ಅವನ ಪಕ್ಕೆಗೆ ತಿವಿಯದಿದ್ದರೆ ಅಜ್ಜಿಗೆ ಆ ವಾರ ನಿದ್ದೆ ಬರುತ್ತಿರಲಿಲ್ಲ. ಒಳ್ಳೆಯವರ ಪಕ್ಷದ ಹುಲಿ ಪೈಲ್ವಾನ ಕಾಳಸರ್ಪನನ್ನು ಎತ್ತಿ ಒಗೆದ. ಬಿದ್ದ ಮುದ್ದು ಒಂದು ಮಂಡಿಯನ್ನು ಅಮುಕಿ ಹಿಡಿದ, ಚೀರಲಿಲ್ಲ.

ಸುಳ್ಳು ನೋವಿಗೆ ಮುದ್ದು ಸೂರು ಹಾರುವಂತೆ ಕಿರುಚುತ್ತಿದ್ದ. ನಿಜವಾಗಿ ಪೆಟ್ಟಾದರೆ ತುಟಿ ಕಚ್ಚಿ ಸುಮ್ಮನಾಗುವುದು ಅವನ ಜಾಯಮಾನ. ಮನೆಯ ಬಾಗಿಲಿಗೆ ಅವನ ಬೆರಳು ಸಿಕ್ಕ ದಿನ ಮೈಕಪ್ಪ ಅದನ್ನು ಕಂಡಿದ್ದ. ರೆಫರಿಗೆ ಅದೇನು ಗೊತ್ತು? ಎಷ್ಟು ಚೆನ್ನಾಗಿ ನಟಿಸುತ್ತಾನಪ್ಪ ಎಂದು ನಿಂತಿದ್ದ. ಹುಲಿ ಪೈಲ್ವಾನ ಮೂಲೆಯ ಕಂಬ ಹತ್ತುತ್ತಿದ್ದ. ಮೊದಲೇ ಮಾತಾದಂತೆ ಅವನು ಹಾರಬೇಕಾದದ್ದು ಅದೇ ಕಾಲಿನ ಮೇಲೆ.

"ಅಯ್ಯೋ ಮುದ್ದೂ! ಏಳ್ಬೇಡ ಕಣೋ!" ಮೈಕು ಬಾಯಿಗೇ ಇತ್ತು. "ಹಾರ್ಬೇಡಯ್ಯಾ ಹುಲಿ, ಅವನ ಮಂಡಿಗೆ ನಿಜವಾಗ್ಲೂ ಪೆಟ್ಟಾಗಿದೆ! ಅವನ ಅಕ್ಕಂಗೆ ನಾನು ಮನೇಲಿ ಏನಂತ ಹೇಳ್ಲಿ?"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇಪ್ಪತ್ತು ವರ್ಷ ಕಾದ ಗುಟ್ಟು ನಾಲ್ಕು ಧ್ವನಿವರ್ಧಕಗಳಲ್ಲಿ ಮೊಳಗಿತು. ಹುಲಿ ಪೈಲ್ವಾನ ಕಂಬದ ಮೇಲೆ ಕಪ್ಪೆಯ ಹಾಗೆ ಕೂತೇ ಇದ್ದ. ಬಾಗಿಲ ಬಳಿ ಮಾಲೀಕ ತಲೆಯ ಮೇಲೆ ಕೈಹೊತ್ತ. ಕೆಲಸ ಹೋಯಿತು ಅಂತ ಮೈಕಪ್ಪನಿಗೆ ಗೊತ್ತಾಯಿತು, ಆದರೂ ಮೈಕು ಬಿಸುಟು ಹಗ್ಗದ ಕೆಳಗೆ ನುಸುಳಿ ಮುದ್ದುವಿನ ತಲೆ ತೊಡೆಯ ಮೇಲಿಟ್ಟುಕೊಂಡ.

"ಬಾಯಿ ಬಿಟ್ರಲ್ಲ ಭಾವ..." ಎಂದ ಮುದ್ದು, ಹಲ್ಲು ಕಚ್ಚಿಕೊಂಡೇ.

ಮೊದಲು ಎದ್ದವಳು ಕೊಡೆ ಅಜ್ಜಿ. "ಮುದ್ದು ಅಂತೆ ಕಣ್ರೇ!" ಎಂದು ಸುತ್ತಲಿನವರಿಗೆಲ್ಲ ಸಾರಿದಳು. ಗೋದಾಮು ಬಿದ್ದು ಬಿದ್ದು ನಕ್ಕಿತು. ಅಜ್ಜಿ ನಗಲಿಲ್ಲ. ಅಖಾಡದ ಅಂಚಿಗೆ ಬಂದು ಕೊಡೆಯನ್ನು ಹಗ್ಗದ ನಡುವೆ ತೂರಿಸಿದಳು. "ಇದನ್ನ ಊರ್ಕೊಂಡು ಇಳಿಯೋ ಕಂದಾ. ಎಷ್ಟು ತಿವಿದಿದ್ದೀನೋ, ಪಾಪಿ ನಾನು."

ಮುದ್ದು ಕೊಡೆ ಊರಿ ಎದ್ದ. ಆಗ ಶುರುವಾಯಿತು ನೋಡಿ ಕೂಗು! "ಮುದ್ದು! ಮುದ್ದು!" ತಗಡಿನ ಸೂರು ನಡುಗಿತು. ಕೈ ಎತ್ತಿ ಬೈಯಲು ಬಂದ ಮಾಲೀಕ ಒಂದು ಗಳಿಗೆ ಆ ಗದ್ದಲ ಕೇಳಿಸಿಕೊಂಡು ಕೈ ಇಳಿಸಿದ.

"ಇಷ್ಟು ಜನ ಇವನಿಗೆ ಜೈ ಅಂತಾರೆ ಅಂತ ಮೊದಲೇ ಗೊತ್ತಿದ್ರೆ ನಾನೇ ಗುಟ್ಟು ಬಿಟ್ಟುಕೊಡ್ತಿದ್ನಲ್ಲಯ್ಯ! ತಗೋ ಮೈಕು. ಇವನ್ನ ಸರಿಯಾಗಿ ಕಳಿಸಿಕೊಡು."

ಮೈಕಪ್ಪ ಮೈಕು ಹಿಡಿದ. ಬೈಗುಳ ಒಂದೂ ನೆನಪಾಗಲಿಲ್ಲ. "ನೂರಹದಿನೈದು ಕಿಲೋ..." ಎಂದ. "ನಮ್ಮ ಮನೆ ಹುಡುಗ."

ಕಂಪನಿಯ ಡಾಕ್ಟರು ಮಂಡಿ ನೋಡಿ, ಮೂಳೆಗೆ ಏನೂ ಆಗಿಲ್ಲ, ಉಳುಕು ಎಂದು ಬಿಗಿಯಾಗಿ ಪಟ್ಟಿ ಸುತ್ತಿದರು. ಇನ್ನೂ ಬಿಸಿಲಿತ್ತು. ಇಬ್ಬರೂ ದೊಡ್ಡ ರಸ್ತೆಯಲ್ಲೇ ನಡೆದರು, ಮುದ್ದುವಿನ ಒಂದು ಕೈ ಅಜ್ಜಿಯ ಕೊಡೆಯ ಮೇಲೆ, ಇನ್ನೊಂದು ಭಾವನ ಹೆಗಲ ಮೇಲೆ. ದಿನಸಿ ಅಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡಿದ.

ಮುಂಬಾಗಿಲು ತೆಗೆದವಳು ಇಬ್ಬರನ್ನೂ ಒಟ್ಟಿಗೆ ಕಂಡು ಬೀದಿಯ ಆ ಕಡೆ ಈ ಕಡೆ ನೋಡಿದಳು. "ಕೆಲಸ ಹೋಯ್ತಾ?"

"ಇಲ್ಲ ಅಕ್ಕಾ," ಎಂದ ಮುದ್ದು. "ಭಾವ ಇವತ್ತು ಬೈಯೋದು ಮರೆತುಬಿಟ್ರು, ಅಷ್ಟೆ."