ಶುಕ್ರವಾರದ ಎಣ್ಣೆ

ಅಥವಾ ಅದು ಔಡಲೆಣ್ಣೆಯೇ ಇರಬೇಕು. ಇಷ್ಟು ವರ್ಷ ಕುಸುಬಿ ಎಣ್ಣೆ ಎಂದೇ ಹೇಳಿಕೊಂಡು ಬಂದಿದ್ದೇನೆ, ಆದರೆ ಕುಸುಬಿ ಎಣ್ಣೆಗೆ ಅಷ್ಟು ಗಡುಸಾದ ವಾಸನೆ ಇರುವುದಿಲ್ಲ. ಅತ್ತೆಯ ಬೈತಲೆಯಿಂದ ಎಣ್ಣೆ ಒಂದು ಸಣ್ಣ ಗೆರೆಯಾಗಿ ಹಣೆಗೆ ಇಳಿದು ಎಡ ಹುಬ್ಬಿನ ಹತ್ತಿರ ನಿಂತಿರುತ್ತಿತ್ತು. ಬಾಗಿಲಿನ ಬೆಳಕಿಗೆ ತಿರುಗಿದಾಗ ಹೊಳೆಯುತ್ತಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿಕೊಂಡು ಮತ್ತೆ ಪಾಠಕ್ಕೆ ತೊಡಗುತ್ತಿದ್ದಳು. ಇದೊಂದನ್ನು ಮಾತ್ರ ನಾನು ಕಣ್ಣಾರೆ ಕಂಡದ್ದು ಎಂದು ಆಣೆ ಮಾಡಿ ಹೇಳಬಲ್ಲೆ. ಉಳಿದದ್ದರಲ್ಲಿ ಕಂಡದ್ದೆಷ್ಟು, ಅವಳು ಹೋದ ಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಹೋದಾಗಲೆಲ್ಲ ಸೋತಿದ್ದೇನೆ.

ಅವಳು ಅಪ್ಪನ ಅಕ್ಕ. ಘೋಡಗೇರಿಯ ಮಿಶನ್ ಶಾಲೆಯಲ್ಲಿ ಕಲಿಸುತ್ತಿದ್ದಳು. ನಮ್ಮ ಕಡೆ ಕಲಿಸುವ ಹೆಂಗಸನ್ನು ಬಾಯಾರು ಎನ್ನುತ್ತಾರೆ. ಊರಿಗೆಲ್ಲ ಅವಳು ಬಾಯಾರೇ. ನನ್ನ ತಾಯಿ ತೀರಿಕೊಂಡಿದ್ದಳು, ಅಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿದ್ದ. ಹಾಗಾಗಿ ನಾನು ಆರು ವರ್ಷದವಳಿದ್ದಾಗಿನಿಂದ ಅತ್ತೆಯ ಹತ್ತಿರ ಬೆಳೆದೆ. ಶಾಲೆ ಎಂದರೆ ಒಂದೇ ಖೋಲಿ. ತಟ್ಟಿ ಕಟ್ಟಿದ ಹಿಂದಿನ ಭಾಗದಲ್ಲಿ ನಮ್ಮ ಒಲೆ, ನಮ್ಮ ಹಾಸಿಗೆ, ಮೂಲೆಯಲ್ಲಿ ಅವಳು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಗೋಣಿತಟ್ಟು. ಅಜ್ಜನ ಕಾಲದಲ್ಲಿ ನಾವು ಕ್ರೈಸ್ತರಾದೆವು. ಅದಕ್ಕೆ ಮೊದಲು ನಮ್ಮ ಮನೆ ಊರ ಹೊರಗಿತ್ತು. ನಮ್ಮ ದೇವರು ಬದಲಾದದ್ದನ್ನು ಊರು ಒಪ್ಪಿಕೊಂಡಿತ್ತು, ಆದರೆ ಹಳೆಯ ಕೇರಿಯನ್ನು ಮರೆತಿರಲಿಲ್ಲ. ಗೌಡರ ಮನೆಯ ಹುಡುಗಿ ನೀಲವ್ವ ನಮ್ಮ ಶಾಲೆಯಿಂದ ಮನೆಗೆ ಹೋದರೆ ಅವಳ ಅಜ್ಜಿ ಅಂಗಳದಲ್ಲೇ ನಿಲ್ಲಿಸಿ ನೀರು ಚಿಮುಕಿಸಿ ಒಳಗೆ ಬಿಡುತ್ತಿದ್ದಳು.

ಶುಕ್ರವಾರ ಅತ್ತೆಯ ಉಪವಾಸ. ನಸುಕಿನಲ್ಲಿ ನನಗೆ ರೊಟ್ಟಿ ಬಡಿದಿಟ್ಟು, ತಾನು ಸೂರ್ಯ ಮುಳುಗುವ ತನಕ ನೀರು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಆದರೆ ಅವತ್ತೇ ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಬಾಚಿ, ಒಗೆದ ಸೀರೆ ಉಟ್ಟು, ಉಳಿದ ದಿನಗಳಿಗಿಂತ ಹೆಚ್ಚು ನಗುತ್ತ ಶಾಲೆಗೆ ಬರುತ್ತಿದ್ದಳು. ಒಮ್ಮೆ ನಾನು ಯಾಕೆಂದು ಕೇಳಿದ್ದಕ್ಕೆ ಹೇಳಿದಳು:

"ಮಾರಿ ಜೋತು ಹಾಕ್ಕೊಂಡು ಕುಂತರ ಮಂದಿ 'ಅಯ್ಯ, ಬಾಯಾರು ಉಪಾಸ ಅದಾರ' ಅಂತಾರ. ಅವರು ಅಂದಕೂಡ್ಲೆ ನನ್ನ ಉಪಾಸ ಮುಗದಂಗ. ದೇವರಿಗೆ ಏನು ಉಳೀತು? ನೀನೂ ಯಾರ ಮುಂದೂ ಹೇಳಬ್ಯಾಡ. ಹೇಳಂಗಿಲ್ಲ ಅಂತ ಮಾತ ಕೊಡು."

ನಾನು ಮಾತು ಕೊಟ್ಟೆ. ನನಗಾಗ ಒಂಬತ್ತು ವರ್ಷ ಇದ್ದಿರಬೇಕು.

ಊರಿನಲ್ಲಿ ರೂಢಿ ಬೇರೆ ಇತ್ತು. ದೇವರ ಹೆಸರಿನಲ್ಲಿ ವಾರಕ್ಕೊಂದು ದಿನ ಉಪವಾಸ ಮಾಡುವುದಕ್ಕೆ ವಾರ ಹಿಡಿಯುವುದು ಎನ್ನುತ್ತಿದ್ದರು, ಆ ದಿನ ತಲೆಗೆ ಎಣ್ಣೆ ತಾಕಿಸುತ್ತಿರಲಿಲ್ಲ. ಒಣಗಿದ ಕೂದಲು ನೋಡಿದರೆ ಇವತ್ತು ಇವಳ ವಾರ ಎಂದು ತಿಳಿಯುತ್ತಿತ್ತು. ಹಾಗಾಗಿ ಶುಕ್ರವಾರ ಕ್ರಿಸ್ತಾನರ ಹಬ್ಬದ ದಿನ ಎಂದೇ ಘೋಡಗೇರಿ ತಿಳಿದಿತ್ತು. ನೀಲವ್ವನ ಅಜ್ಜಿ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದಳು: "ಏನ್ರಿ ಬಾಯಾರ, ನಿಮ್ಮ ದೇವರು ಗಾಣಾ ಹಾಕ್ಯಾನೇನು? ನಮಗೂ ಒಂದ ಬಟ್ಟಲ ಎಣ್ಣಿ ಕಳಸಾಕ ಹೇಳ್ರಿ!" ಅತ್ತೆ ನಗುತ್ತಿದ್ದಳು. "ಹೇಳತೇನ್ರಿ ಅಜ್ಜಿ. ಮೊದಲ ನಿಮ್ಮ ಹೆಸರ ಹೇಳತೇನಿ."

ಅದು ಬರೀ ಚೇಷ್ಟೆಯ ಮಾತಲ್ಲ. ಅವಳ ಪ್ರಾರ್ಥನೆಯೇ ಹೆಸರು ಹೇಳುವುದಾಗಿತ್ತು. ಶುಕ್ರವಾರ ಮಧ್ಯಾಹ್ನದ ಸೂಟಿಯಲ್ಲಿ ಹುಡುಗರೆಲ್ಲ ಉಣ್ಣಲು ಮನೆಗೆ ಹೋದಾಗ ಅವಳು ಗೋಣಿತಟ್ಟಿನ ಮೇಲೆ ಮೊಣಕಾಲೂರಿ, ಪುಸ್ತಕವಿಲ್ಲದೆ, ಕಣ್ಣು ತೆರೆದುಕೊಂಡೇ ಶಾಲೆಯ ಹಾಜರಿ ಕರೆಯುತ್ತಿದ್ದಳು. ಒಂದು ಹೆಸರು, ಸ್ವಲ್ಪ ಮೌನ, ಇನ್ನೊಂದು ಹೆಸರು. ತಟ್ಟಿಯ ಆಚೆ ರೊಟ್ಟಿ ಮುರಿಯುತ್ತ ಕೂತ ನನಗೆ, ಈಗ ಯಾರಾದರೂ "ಹಾಜರ್" ಎನ್ನುತ್ತಾರೆ ಎಂದು ಮೈ ಜುಮ್ಮೆನ್ನುತ್ತಿತ್ತು. ಉಪವಾಸ ಯಾಕೆ ಬೇಕು, ಉಂಡು ಪ್ರಾರ್ಥಿಸಿದರೆ ದೇವರು ಕೇಳುವುದಿಲ್ಲವೇ ಎಂದು ಕೇಳಿದ್ದೆ. "ಅಂವಾ ಕೇಳತಾನ. ನಾ ನೆಟ್ಟಗ ಹೇಳಂಗಿಲ್ಲ. ಹೊಟ್ಟಿ ಹಸದಾಗ ಒಳಗಿಂದ ಒಂದ ಹೆಸರ ಬರತೈತಿ, ರೊಟ್ಟಿ, ರೊಟ್ಟಿ ಅಂತ. ಅಷ್ಟ ಜೋರಲೆ ಇನ್ನೊಬ್ಬರ ಹೆಸರ ಬರಬೇಕು. ಅದನ್ನ ಕಲೀಲಿಕ್ಕೆ ಉಪಾಸ." ಇಷ್ಟು ಮಾತು ಅವಳದೇ. ಪದಗಳು ಹಿಂದೆ ಮುಂದೆ ಆಗಿರಬಹುದು.

ಆ ವರ್ಷ ಹಾಜರಿಯಲ್ಲಿ ನೀಲವ್ವನ ಹೆಸರು ಮೂರು ಸಲ ಬರುತ್ತಿತ್ತು. ಅವಳಷ್ಟು ಚುರುಕಾದ ಹುಡುಗಿ ಆ ಶಾಲೆಗೆ ಬಂದಿರಲಿಲ್ಲ. ಹನ್ನೊಂದು ವರ್ಷ ತುಂಬಿತ್ತು, ಮೂಡಲಗಿಯಲ್ಲಿ ವರ ಗೊತ್ತಾಗಿದ್ದ. ಇನ್ನು ಕೆಲವು ವರ್ಷ ಶಾಲೆಗೆ ಬಿಟ್ಟರೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂರಿಸುತ್ತೇನೆ, ಈ ಊರಿಗೆ ಅವಳೇ ಬಾಯಾರು ಆಗುತ್ತಾಳೆ ಎಂದು ಅತ್ತೆ ಗೌಡರ ಅಂಗಳದ ಹೊರಗೆ ನಿಂತು ಎರಡು ಸಲ ಕೇಳಿಕೊಂಡಿದ್ದಳು. ಗೌಡರು ಉತ್ತರ ಕೊಟ್ಟಿರಲಿಲ್ಲ. ಗೌಡ್ತಿ, ಎಂದರೆ ನೀಲವ್ವನ ತಾಯಿ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಅಂದಿನಿಂದ ಅತ್ತೆಯ ಶುಕ್ರವಾರಗಳೆಲ್ಲ ಆ ಹುಡುಗಿಗಾಗಿ.

ಒಂದು ಶುಕ್ರವಾರ ಮಧ್ಯಾಹ್ನ ಗೌಡ್ತಿ ತಾನಾಗಿ ಶಾಲೆಗೆ ಬಂದಳು. ಸೆರಗಿನ ಕೆಳಗೆ ಎರಡು ಹಿತ್ತಾಳೆ ತಾಟು. ಒಂದರಲ್ಲಿ ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ. ಇನ್ನೊಂದರಲ್ಲಿ ಮದುವೆ ಮನೆಯಲ್ಲಿ ಮಾಡುವ ಮಾದಲಿ. ಅಥವಾ ಎರಡರಲ್ಲೂ ಎರಡೂ ಇದ್ದವೋ. ಅವಳ ಮನೆಯಿಂದ ನಮಗೆ ಅನ್ನ ಬರುವುದು ಹೊಸದಲ್ಲ. ತಾಕದಂತೆ ಮೇಲಿನಿಂದ ನಮ್ಮ ಬುಟ್ಟಿಗೆ ಹಾಕಿ ಹೋಗುತ್ತಿದ್ದರು. ಅವತ್ತು ಅವಳು ಹಾಗೆ ಹಾಕಲಿಲ್ಲ. ಶಾಲೆಯ ಹೊಸ್ತಿಲು ದಾಟಿ ಒಳಗೆ ಬಂದು, ಹುಡುಗರ ಚಾಪೆಯ ಮೇಲೆ ಕೂತು, ತಾಟು ಎರಡನ್ನೂ ಎದುರುಬದುರು ಇಟ್ಟಳು.

"ಬರ್ರಿ ಬಾಯಾರ, ಕುಂಡ್ರ ಬರ್ರಿ. ನಾನೂ ಇಲ್ಲೇ ಉಣ್ಣಾಕಿ."

ಅತ್ತೆ ಗೋಣಿತಟ್ಟಿನಿಂದ ಎದ್ದು ಬಂದಳು. "ಏನ್ರಿ ಗೌಡ್ತೇರ ಇದು! ಮನ್ಯಾಗ ಗೊತ್ತೈತೇನ್ರಿ?"

"ನಮ್ಮತ್ತಿಗೆ ಗೊತ್ತಾದ್ರ ನನಗೂ ಅಂಗಳದಾಗ ನಿಲ್ಲಿಸಿ ನೀರ ಹೊಡಿತಾಳ." ಗೌಡ್ತಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹೊಡೀಲಿ. ಸುದ್ದಿ ಐತಿ. ಮೊದಲ ಬಾಯಿ ಸೀ ಮಾಡ್ಕೋರಿ, ಆಮ್ಯಾಲ ಹೇಳತೇನಿ."

ಅತ್ತೆ ಕೂತಳು. ಮಾದಲಿಯ ಬೆಲ್ಲದ ವಾಸನೆ ಖೋಲಿಯನ್ನೆಲ್ಲ ತುಂಬಿತ್ತು. ಸೂರ್ಯ ನೆತ್ತಿಯ ಮೇಲಿದ್ದ.

"ಈಗ ಬ್ಯಾಡ್ರಿ," ಎಂದಳು. "ಇಟ್ಟು ಹೋಗ್ರಿ. ಸಂಜೀಕ ಉಣ್ಣತೇನಿ."

"ಸಂಜೀಕ ಯಾಕ್ರಿ? ವಾರ ಹಿಡದೀರೇನು?" ಕೇಳಿದ ಗೌಡ್ತಿಯೇ ಅತ್ತೆಯ ತಲೆ ನೋಡಿ ಮತ್ತೆ ನಕ್ಕಳು. "ಛೇ, ವಾರ ಹಿಡದಾಕಿ ಇಷ್ಟ ಎಣ್ಣಿ ಸುರಕೋತಾಳೇನು! ಒಂದ ತುತ್ತರ ತಗೋರಿ."

ಅತ್ತೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಸುಮ್ಮನೆ ಮುಗುಳ್ನಕ್ಕಳು. ನಂತರ ನನ್ನ ಕಡೆ ನೋಡಿದಳು. ನಾನು ತಟ್ಟಿಯ ಬಾಜೂಕ್ಕೆ ಅರ್ಧ ರೊಟ್ಟಿ ಹಿಡಿದು ನಿಂತಿದ್ದೆ. ಇವತ್ತು ಅತ್ತಿ ಉಪಾಸ ಅದಾಳ್ರಿ, ನಿಮ್ಮ ನೀಲವ್ವನ ಸಲುವಾಗೇ ಉಪಾಸ ಅದಾಳ್ರಿ. ಅಷ್ಟೇ ಮಾತು. ಅದು ನನ್ನ ನಾಲಿಗೆಯ ಮೇಲಿತ್ತು. ನಾನು ಹೇಳಲಿಲ್ಲ.

"ಸಂಜೀಕ್ರಿ," ಎಂದಳು ಅತ್ತೆ ಮತ್ತೊಮ್ಮೆ.

ಗೌಡ್ತಿಯ ನಗು ನಿಂತಿತು. ತನ್ನ ತಾಟನ್ನು ಎತ್ತಿಕೊಂಡಳು. "ತಿಳೀತು ಬಿಡ್ರಿ. ಇಷ್ಟ ವರ್ಷ ನಾವು ನಿಮ್ಮ ಕೈಯಾಗಿಂದು ತಗೊಳ್ಳಲಿಲ್ಲ. ಈಗ ನಮ್ಮ ಕೈಯಾಗಿಂದು ನಿಮಗ ನಡಿಯಂಗಿಲ್ಲ. ಖರೆ ಐತಿ, ಲೆಕ್ಕಾ ಸರಿ ಆತು."

"ಹಂಗಲ್ರಿ ಅಕ್ಕಾರ, ಕೇಳ್ರಿಲ್ಲೆ—" ಅತ್ತೆ ಎದ್ದಳು. ಅಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು. ಇನ್ನೊಂದು ತಾಟು ಚಾಪೆಯ ಮೇಲೆ ಉಳಿಯಿತು. ಅದರ ಸುತ್ತ ಇರುವೆ ಬರದಂತೆ ಅತ್ತೆ ನೀರಿನ ಗೆರೆ ಎಳೆದು ಇಟ್ಟಳು. ಮಧ್ಯಾಹ್ನದ ಪಾಠ ಮಾಡಿದಳು.

ಸೂರ್ಯ ಮುಳುಗಿದೊಡನೆ ತಾಟಿನಲ್ಲಿದ್ದುದನ್ನೆಲ್ಲ ಉಂಡಳು. ನನಗೆ ಒಂದು ತುತ್ತೂ ಕೊಡಲಿಲ್ಲ. ತಾಟು ಬೆಳಗಿ, ನನ್ನ ಕೈ ಹಿಡಿದು ಗೌಡರ ಮನೆಗೆ ಹೋದಳು. ಗೌಡ್ತಿ ಬಾಗಿಲಿಗೆ ಬಂದಳು. ತಾಟನ್ನು ಕೈಯಿಂದ ಮುಟ್ಟದೆ, ಕಲ್ಲಿನ ಮೇಲೆ ಇಡಲು ಹೇಳಿದಳು. ಅದರ ಮೇಲೆ ಒಂದು ತಂಬಿಗೆ ನೀರು ಸುರಿದು ಎತ್ತಿಕೊಂಡಳು. ಅತ್ತೆ ಏನೋ ಹೇಳಿದಳು. ಉಪಾಸ ಎಂಬ ಮಾತು ಅದರಲ್ಲಿತ್ತೇ? ಇತ್ತು ಎಂದು ಒಮ್ಮೊಮ್ಮೆ ನನಗೆ ಕೇಳಿಸುತ್ತದೆ. ಆದರೆ ತಂಬಿಗೆ, ನೀರು, ಕಲ್ಲಿನ ಮೇಲೆ ತಾಟು ಕದಲಿದ ಸಪ್ಪಳ ಇವೇ ಗಟ್ಟಿಯಾಗಿ ಉಳಿದಿವೆ, ಮಾತು ಉಳಿದಿಲ್ಲ.

ಸೋಮವಾರ ನೀಲವ್ವ ತನ್ನ ಪಾಟಿ ಒಯ್ಯಲು ಬಂದಳು. ಅತ್ತು ಕಣ್ಣು ಊದಿದ್ದವು. "ಅಪ್ಪ ಒಪ್ಪಿದ್ದರ್ರಿ ಬಾಯಾರ. ಮುಲ್ಕಿ ಆಗೂತನಾ ಲಗ್ನ ಬ್ಯಾಡ ಅಂದಿದ್ರು. ಅವ್ವ ಮೂರು ತಿಂಗಳ ಜಗಳಾ ಆಡಿ ಒಪ್ಪಿಸಿದ್ಲು. ಅದನ್ನ ಹೇಳಾಕ ಬಂದಿದ್ಲಲ್ಲ. ಈಗ ಅವ್ವನೇ ಸಾಲಿ ಬ್ಯಾಡ ಅಂತಾಳ."

ಅತ್ತೆ ಪಾಟಿಯನ್ನು ಒರೆಸಿ ಅವಳ ಕೈಗೆ ಕೊಟ್ಟಳು. ಆಮೇಲೆ ಎಷ್ಟು ಸಲ ಗೌಡರ ಅಂಗಳಕ್ಕೆ ಹೋದಳೋ, ಪ್ರತಿ ಸಲ ಆಳುಮಗ ಬಂದು ಗೌಡ್ತಿ ಹೊಲಕ್ಕೆ ಹೋಗಿದ್ದಾರೆ ಎನ್ನುತ್ತಿದ್ದ. ಸುಗ್ಗಿ ಮುಗಿಯುವುದರೊಳಗೆ ನೀಲವ್ವ ಲಗ್ನವಾಗಿ ಮೂಡಲಗಿಗೆ ಹೋದಳು.

ಅತ್ತೆ ಉಪವಾಸ ಬಿಟ್ಟಳೆಂದು ನೀವು ತಿಳಿದರೆ ತಪ್ಪು. ಬಿಡಲಿಲ್ಲ. ಆದರೆ ಶುಕ್ರವಾರ ಎಣ್ಣೆ ಹಚ್ಚುವುದನ್ನು ಬಿಟ್ಟಳು. ಇನ್ನೊಂದು ಬದಲಾವಣೆ: ಆ ದಿನ ಯಾರೇ ಏನೇ ತಂದು ಕೊಟ್ಟರೂ, ಒಂದು ತುಂಡು ಬೆಲ್ಲವೇ ಆಗಲಿ, ಅವರ ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವರು ಹೋದ ಮೇಲೆ ಮತ್ತೆ ಮೊಣಕಾಲೂರುತ್ತಿದ್ದಳು. ಹುಕ್ಕೇರಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿಗಳ ಕಿವಿಗೆ ಇದು ಬಿತ್ತು.

"ಇದೆಂಥಾ ಉಪಾಸ್ರಿ ಬಾಯಾರ? ತಿಂದೂ ಉಪಾಸಾ?" ಎಂದು ಅವರು ನಗುತ್ತಲೇ ಕೇಳಿದರು.

ಅತ್ತೆ ನಗಲಿಲ್ಲ. "ಅಯ್ಯನವರ, ದೇವರಿಗೆ ಜಾಗಾ ಆಗಲಿ ಅಂತ ಹೊಟ್ಟಿ ಖಾಲಿ ಇಟ್ಟಿದ್ನಿ. ಅಂವಾ ತಾಟ ಹಿಡಕೊಂಡು ಬಂದು ಎದುರಿಗೆ ಕುಂತ. ನಾ ಸಂಜೀಕ ಬಾ ಅಂದ್ನಿ."

ಪಾದ್ರಿಗಳು ಪ್ರಾರ್ಥನೆ ಮಾಡೋಣ ಎಂದರು.

ನಾನು ಆ ಮಾತನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅತ್ತೆ ತನ್ನನ್ನು ತಾನೇ ಅಷ್ಟು ಕಠಿಣವಾಗಿ ಶಿಕ್ಷಿಸಿಕೊಳ್ಳಬೇಕಿತ್ತೇ? ದೇವರಿಗೆ ಕೊಟ್ಟ ಮಾತು ಮಧ್ಯಾಹ್ನಕ್ಕೆ ಮುರಿಯಬಾರದು ಎಂದು ತಾನೇ ಅವಳು ತಡೆದುಕೊಂಡದ್ದು? ಆದರೂ ಅವಳು ಕಂಡುಕೊಂಡದ್ದು ಸರಿ ಎಂದೇ ನನಗೆ ಅನ್ನಿಸುತ್ತದೆ. ನಾನೂ ಶುಕ್ರವಾರ ಉಪವಾಸವಿರುತ್ತೇನೆ. ಗೋಕಾಕದ ನನ್ನ ಬಾಡಿಗೆ ಮನೆಯ ಬಾಗಿಲು ಅವತ್ತು ಮುಚ್ಚುವುದಿಲ್ಲ. ಇದು ಅವಳಿಂದ ಬಂದದ್ದು.

ನೀಲವ್ವ ಮದುವೆಯಾದ ಎರಡನೆಯ ವರ್ಷ ಬಾಣಂತನದಲ್ಲಿ ತೀರಿಕೊಂಡಳು. ಸುದ್ದಿ ಬಂದ ದಿನ ಅತ್ತೆ ಗೌಡರ ಅಂಗಳದ ಹೊರಗೆ, ಹೆಂಗಸರ ಗುಂಪಿನ ಹಿಂದೆ, ಸಂಜೆಯ ತನಕ ನಿಂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ, ಕಳಿಸಲೂ ಇಲ್ಲ. ಮುಂದಿನ ಶುಕ್ರವಾರ ಹಾಜರಿ ಕರೆಯುವಾಗ ನೀಲವ್ವನ ಹೆಸರಿನ ಜಾಗಕ್ಕೆ ಬಂದು ನಿಂತಳು. ಸತ್ತವರಿಗಾಗಿ ಬೇಡುವುದು ನಮ್ಮ ಸಭೆಯಲ್ಲಿ ರೂಢಿಯಿಲ್ಲ. ಹೆಸರು ಹೇಳಲಿಲ್ಲ, ಬಿಟ್ಟು ಮುಂದೆ ಹೋಗಲೂ ಇಲ್ಲ. ಒಂದು ಉಸಿರಿನಷ್ಟು ಹೊತ್ತು ಅಲ್ಲೇ ಇದ್ದು, ಆಮೇಲೆ ಇನ್ನೊಂದು ಹೆಸರು. ಅವಳು ಬದುಕಿರುವ ತನಕ ಹಾಜರಿಯಲ್ಲಿ ಆ ಜಾಗ ಹಾಗೇ ಇತ್ತು.

ಅವಳು ಹೋದದ್ದು ನಾನು ಗೋಕಾಕದಲ್ಲಿ ಕಲಿಸಲು ಸೇರಿದ ಮೇಲೆ. ಎಂಟು ದಿನದ ಜ್ವರ. ನಾನು ಬಂದಾಗ ಮಾತು ನಿಂತಿತ್ತು, ಗಂಜಿ ಇಳಿಯುತ್ತಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಹೆಸರುಗಳಿರಬೇಕು. ಮಂಗಳವಾರ ಬೆಳಿಗ್ಗೆ ಅದೂ ನಿಂತಿತು.

ಹುಕ್ಕೇರಿಯಿಂದ ಸಭೆಯ ಹೆಂಗಸರು ಬರುವುದನ್ನು ಕಾಯುತ್ತ ಒಬ್ಬಳೇ ಕೂತಿದ್ದೆ. ಗೌಡ್ತಿ ಒಳಗೆ ಬಂದಳು. ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಬಟ್ಟಲು. ಅತ್ತೆಯ ತಲೆಯ ಹತ್ತಿರ ನೆಲದ ಮೇಲೆ ಕೂತಳು.

"ಇವತ್ತ ಶುಕ್ರವಾರ ಏನವ್ವಾ?"

"ಅಲ್ರಿ. ಮಂಗಳವಾರ."

"ಇರಲಿ," ಎಂದಳು. ಬಟ್ಟಲಿನಿಂದ ಎಣ್ಣೆ ಅಂಗೈಗೆ ಸುರಿದುಕೊಂಡು ಅತ್ತೆಯ ನೆತ್ತಿಗೆ ಹಾಕಿ, ಒಣಗಿದ ಕೂದಲಿಗೆ ಬೆರಳಾಡಿಸಿ ಹಚ್ಚತೊಡಗಿದಳು. ಬೈತಲೆ ತೆಗೆದು ಬಾಚಿದಳು. ಒಂದು ಗೆರೆ ಹಣೆಗೆ ಇಳಿಯಿತು. ಅದನ್ನು ತನ್ನ ಸೆರಗಿನಿಂದ ಒರೆಸಿದಳು. ನಾನು ಎದುರಿಗೇ ಇದ್ದೆ. ಅದೇ ಮಾತು ಮತ್ತೆ ನಾಲಿಗೆಗೆ ಬಂದಿತ್ತು, ಈಗ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಹೇಳಿದರೆ ಅವಳ ಮಗಳ ಸಾವಿನ ಭಾರವೆಲ್ಲ ಅವಳ ತಲೆಯ ಮೇಲೇ ಇಟ್ಟಂತೆ ಆಗುತ್ತದೆ ಎನ್ನಿಸಿತು. ಹೇಳಲಿಲ್ಲ. ಖಾಲಿ ಬಟ್ಟಲು ಎತ್ತಿಕೊಂಡು ಅವಳು ಎದ್ದು ಹೋದಳು.

ಅವಳಿಗೆ ಅಷ್ಟರೊಳಗೆ ಎಲ್ಲ ತಿಳಿದಿತ್ತೇ, ಇಲ್ಲಾ ಹಬ್ಬದ ದಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು ಒಣಗಿದ ತಲೆಯಲ್ಲಿ ಹೋಗಬಾರದು ಎಂದಷ್ಟೇ ಬಂದಳೇ, ನನಗೆ ತಿಳಿಯದು. ಆ ಶುಕ್ರವಾರ ಮಧ್ಯಾಹ್ನ, ಮಾದಲಿಯ ತಾಟಿನ ಮುಂದೆ ಕೂತ ಅತ್ತೆ ನನ್ನ ಕಡೆ ನೋಡಿದ್ದು ಹೇಳು ಎಂದೋ, ಹೇಳಬೇಡ ಎಂದೋ, ಅದೂ ನನಗೆ ಗೊತ್ತಿಲ್ಲ.