ಮುಗಿಯಬಾರದ ವಾದ

ಕಾಮಿಕ್ಸಿನ ಮುಸುಕುಧಾರಿ ಹೀರೋ ಪಾತ್ರ ಯಾವ ನಟನಿಗೆ ಒಪ್ಪುತ್ತದೆ ಎಂದು ಫೇಸ್‌ಬುಕ್ ಗುಂಪಿನಲ್ಲಿ ಬೆಳಗಿನಿಂದ ಜಗಳ. ಓದುತ್ತಾ ಮನಸ್ಸು ಚಿಕ್ಕಂದಿನ ಬೆಟಗೇರಿಯ ನಮ್ಮ ಪಡಸಾಲೆಗೆ ಹೋಯಿತು.

ಮನೆ ಪಾಲಾದ ಮೇಲೆ ಅಪ್ಪ, ಕಾಕಾ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಮಗ್ಗಗಳು ಮಾತ್ರ ಅಕ್ಕಪಕ್ಕದಲ್ಲೇ ಇದ್ದವು. ಕಾಮಿಕ್ಸ್ ಹಿಡಿದು ನಡುವೆ ಕುಳಿತು ಕೇಳುತ್ತಿದ್ದೆ: “ಕಾಕಾ, ಹಳೇ ಸಿನಿಮಾದಾಂವ ಚಲೋನೋ, ಹೊಸಬನೋ?”

“ಹಳಬಂದು ಹೊಟ್ಟಿ ನೋಡೀಯೇನಲೇ? ಹಾರತಾನಂತ!”

ಅಪ್ಪ ನನಗೇ ಹೇಳುತ್ತಿದ್ದರು: “ಅವಂಗ ಹೇಳು, ಪುಸ್ತಕದಾಗಿನಾಂವ ನಗತಾನ. ಹೊಸಬ ಯಾವಾಗ ನಕ್ಕಾನ?”

ಒಮ್ಮೆ ಕಾಕಾ ಮೈಮರೆತು ನೇರ ಅಪ್ಪನಿಗೇ ಅಂದರು: “ಸಿನಿಮಾದಾಗ ಊರ ಸುಡಾಕತ್ತಿತ್ತು, ಅದು ನಗೂ ಹೊತ್ತೇನೋ ಯಣ್ಣಾ?”

ಎರಡೂ ಮಗ್ಗ ನಿಂತವು. ಇಬ್ಬರೂ ತಲೆ ಎತ್ತಲಿಲ್ಲ. ವಾದ ನಿಂತರೆ ಮಾತೂ ನಿಂತೀತೆಂದು ನಾನು ಗಾಬರಿಯಿಂದ ಪುಟ ತಿರುವಿ ಇನ್ನೊಂದು ಪ್ರಶ್ನೆ ಹುಡುಕಿದೆ.

ಈಗ ಗುಂಪಿನಲ್ಲಿ ಯಾರೋ “ಆತು, ನೀವ ಗೆದ್ರಿ” ಎಂದು ಬರೆದಿದ್ದಾರೆ. ನಾನು ತಕ್ಷಣ “ಇಷ್ಟು ಜಲ್ದಿ ಒಪ್ಪಬ್ಯಾಡ್ರಿ” ಎಂದು ಬರೆಯುತ್ತಿದ್ದೇನೆ.